ಸೀಸದ ತಿಂಗಳಲ್ಲಿ ಒಂದು ಪ್ರದಕ್ಷಿಣೆ

ಕಾರ್ನಾವಿನ್ ರೈಲು ನಿಲ್ದಾಣದ ಮುಂದೆ ಹದಿನೆಂಟನೇ ನಂಬರಿನ ಟ್ರಾಮ್ ಹತ್ತುತ್ತೇನೆ. ಕೈಯಲ್ಲಿ ಬಿಸಿಬಿಸಿ ಪೊಟ್ಟಣ. ಬೀದಿಬದಿಯ ಗೂಡಂಗಡಿಯವನು ಸುಟ್ಟುಕೊಟ್ಟ ಚೆಸ್ಟ್‌ನಟ್ ಅದರೊಳಗಿದೆ. ಸಿಪ್ಪೆ ಬಿಡಿಸಿದರೆ ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ್ದೇ ವಾಸನೆ. ನವೆಂಬರ್ ಕೊನೆಯ ಶನಿವಾರ. ಜಿನೀವಾದ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿಕೊಂಡಿದೆ. ಎದುರಿಗೆ ಕೂತ ಇಬ್ಬರು ಇಟಾಲಿಯನ್ನಿನಲ್ಲಿ ಜಗಳವಾಡುತ್ತಿದ್ದಾರೆ, ಪಕ್ಕದಲ್ಲೊಬ್ಬ ಮೊಬೈಲಿನಲ್ಲಿ ಬಂಗಾಳಿ ಮಾತಾಡುತ್ತಿದ್ದಾನೆ, ಬಾಗಿಲ ಬಳಿ ನಿಂತ ಹುಡುಗಿ ಅದ್ಯಾವುದೋ ಸಮೀಕರಣಗಳ ಹಾಳೆ ಓದುತ್ತಿದ್ದಾಳೆ. ಅಂಗಡಿಗಳು ಮುಗಿದು, ವಸತಿ ಕಟ್ಟಡಗಳು ಮುಗಿದು, ಕೊನೆಗೆ ಹೊಲಗಳು ಶುರುವಾಗುವ ಅಂಚಿನಲ್ಲಿ ಟ್ರಾಮ್ ನಿಟ್ಟುಸಿರು ಬಿಟ್ಟು ನಿಲ್ಲುತ್ತದೆ. ಕೊನೆಯ ಸ್ಟಾಪು. ಫಲಕದಲ್ಲಿ ಒಂದೇ ಪದ: ಸರ್ನ್. ಯುರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯ.

ಇಳಿದು ನೋಡಿದರೆ, ಇಷ್ಟೇನಾ ಎನ್ನಿಸುತ್ತದೆ. ಒಂದು ಕಡೆ ನಮ್ಮ ಲೋಕೋಪಯೋಗಿ ಇಲಾಖೆ ಅರವತ್ತರ ದಶಕದಲ್ಲಿ ಕಟ್ಟಿಸಿದಂಥ ಬೂದುಬಣ್ಣದ ಕಟ್ಟಡಗಳ ಸಾಲು. ಇನ್ನೊಂದು ಕಡೆ ಮರದ ಪಟ್ಟಿಗಳಿಂದ ಹೆಣೆದ ದೊಡ್ಡ ಗೋಳ, ಇಪ್ಪತ್ತೇಳು ಮೀಟರ್ ಎತ್ತರದ್ದು, ಮಂಜಿನಲ್ಲಿ ತೊಯ್ದು ಕಾಫಿ ಬಣ್ಣಕ್ಕೆ ತಿರುಗಿದೆ. ಅದರ ಪಕ್ಕ ರಸ್ತೆಯ ಮೇಲೆಯೇ ಹಾದುಹೋಗುವ ಗಾಜಿನ ಸೇತುವೆ, ಅದಕ್ಕೆ ಅಂಟಿಕೊಂಡ ಉದ್ದುದ್ದ ಕೊಳವೆಗಳು. 2023ರ ಅಕ್ಟೋಬರಿನಲ್ಲಿ ತೆರೆದ ಸೈನ್ಸ್ ಗೇಟ್‌ವೇ ಅದು, ರೆಂಜೊ ಪಿಯಾನೊ ವಿನ್ಯಾಸ. ಒಳಗೆ ಶಾಲೆಯ ಮಕ್ಕಳ ಗಲಾಟೆ. ಟಿಕೆಟ್ ಇಲ್ಲ.

"ಒಳ್ಳೇ ಹೊತ್ತಿಗೆ ಬಂದ್ರಿ ಸರ್. ಈಗ ಸೀಸ ಓಡ್ತಾ ಇದೆ!"

ಹಿಂದಿನಿಂದ ಕನ್ನಡ ಕೇಳಿ ತಿರುಗುತ್ತೇನೆ. ಉಣ್ಣೆ ಟೊಪ್ಪಿ ಕಿವಿವರೆಗೆ ಎಳೆದುಕೊಂಡ ಶಿರಸಿಯ ಹುಡುಗಿ, ಇಲ್ಲಿ ಪಿಎಚ್‌.ಡಿ. ಮಾಡುತ್ತಿರುವವಳು. ಸ್ನೇಹಿತರೊಬ್ಬರ ಮೂಲಕ ಪರಿಚಯವಾಗಿ, ನನ್ನನ್ನು ಸುತ್ತಾಡಿಸಲು ಒಂದು ದಿನದ ರಜೆ ತ್ಯಾಗ ಮಾಡಿದ್ದಾಳೆ. ಎರಡು ಬ್ಯಾಟರಿ ಸೈಕಲ್‌ಗಳನ್ನೂ ಹೊಂದಿಸಿದ್ದಾಳೆ. ಐವತ್ತು ದಾಟಿದ ನನ್ನ ಮೊಣಕಾಲುಗಳ ಬಗ್ಗೆ ಸ್ನೇಹಿತರು ಮೊದಲೇ ಹೇಳಿದ್ದಿರಬೇಕು.

ಸೀಸ ಓಡುವುದೆಂದರೆ? ನಮ್ಮ ಕಾಲಡಿಯಲ್ಲಿ, ಎಲ್ಲೋ ಐವತ್ತರಿಂದ ನೂರೆಪ್ಪತ್ತೈದು ಮೀಟರ್ ಆಳದಲ್ಲಿ, ಇಪ್ಪತ್ತೇಳು ಕಿಲೋಮೀಟರ್ ಸುತ್ತಳತೆಯ ಸುರಂಗವಿದೆ. ಅದರೊಳಗಿರುವುದು ಲಾರ್ಜ್ ಹೇಡ್ರಾನ್ ಕೊಲೈಡರ್. ವರ್ಷದ ಬಹುಪಾಲು ಅಲ್ಲಿ ಓಡುವುದು ಪ್ರೋಟಾನ್. ವರ್ಷದ ಕೊನೆಯ ಕೆಲವು ವಾರ ಸಾಮಾನ್ಯವಾಗಿ ಸೀಸದ ಸರದಿ. ಸಣ್ಣ ಕುಲುಮೆಯಲ್ಲಿ ಸೀಸ ಕಾಸಿ, ಆವಿ ಮಾಡಿ, ಅದರ ಪರಮಾಣುಗಳ ಎಲೆಕ್ಟ್ರಾನ್‌ಗಳನ್ನೆಲ್ಲ ಹಂತಹಂತವಾಗಿ ಸುಲಿದು, ಬರೀ ನ್ಯೂಕ್ಲಿಯಸ್ ಉಳಿಸಿಕೊಂಡು, ಅದನ್ನು ಹೆಚ್ಚುಕಡಿಮೆ ಬೆಳಕಿನ ವೇಗಕ್ಕೆ ದೂಡುತ್ತಾರೆ. ಒಂದು ಹಿಂಡು ಗಡಿಯಾರದ ಮುಳ್ಳಿನಂತೆ ಪ್ರದಕ್ಷಿಣೆ, ಇನ್ನೊಂದು ಹಿಂಡು ಅಪ್ರದಕ್ಷಿಣೆ. ನಾಲ್ಕು ಕಡೆ ಮಾತ್ರ ಎರಡರ ದಾರಿ ಕೂಡುತ್ತದೆ. ಆ ನಾಲ್ಕು ಕಡೆಯೂ ಒಂದೊಂದು ದೈತ್ಯ ಯಂತ್ರ ಕಣ್ಣು ಬಿಟ್ಟು ಕೂತಿದೆ.

"ಕೆಳಗೆ ಇಳಿಯೋಕೆ ಆಗಲ್ಲ. ಯಂತ್ರ ಓಡುವಾಗ ವಿಕಿರಣ ಇರತ್ತೆ, ಯಾರನ್ನೂ ಬಿಡಲ್ಲ," ಎನ್ನುತ್ತಾಳೆ.

ನನಗೆ ನಿರಾಸೆಯಾಗುವುದಿಲ್ಲ. ನಾನು ಕೋಲಾರದ ಕಡೆಯವನು. ನೆಲದಡಿಯ ಊರನ್ನು ನೆಲದ ಮೇಲಿಂದಲೇ ನೋಡಿ ಬೆಳೆದವನು. ಚಾಂಪಿಯನ್ ರೀಫ್ ಗಣಿಯಲ್ಲಿ ಕೇಜ್ ಹತ್ತಿ ಇಳಿಯುತ್ತಿದ್ದ ನಮ್ಮ ದೊಡ್ಡಪ್ಪನನ್ನು ಚಿಕ್ಕಂದಿನಲ್ಲಿ ಕೇಳಿದ್ದೆ, ಚಿನ್ನ ಹೇಗಿರುತ್ತೆ ದೊಡ್ಡಪ್ಪ ಅಂತ. "ಕಲ್ಲು ಒಡೆಯೋದು ನಮ್ ಕೆಲ್ಸ ಕಣೋ, ಚಿನ್ನ ಯಾವನು ನೋಡವ್ನೆ!" ಎಂದು ನಕ್ಕಿದ್ದ.

ಸೈಕಲ್ ಹತ್ತುತ್ತೇವೆ. ಯಂತ್ರದ ಸುತ್ತ ಒಂದು ಪ್ರದಕ್ಷಿಣೆ, ನೆಲದ ಮೇಲಿಂದ.

ಆವರಣದಿಂದ ಹೊರಬೀಳುವ ಮುಂಚೆ ಅವಳು ಒಂದು ಶೆಡ್ಡಿನ ಮುಂದೆ ಬ್ರೇಕ್ ಹಾಕುತ್ತಾಳೆ. ಹೊರಗಿನಿಂದ ನೋಡಿದರೆ ಸೀಮೆಂಟ್ ಗೋದಾಮು. ಹೆಸರು ಮಾತ್ರ ಪ್ರತಿದ್ರವ್ಯ ಕಾರ್ಖಾನೆ. ಒಳಗಿನ ಅಟ್ಟಣಿಗೆಯಿಂದ ಬಗ್ಗಿ ನೋಡಿದರೆ ಕಾಂಕ್ರೀಟ್ ದಿಮ್ಮಿಗಳು, ಬೆಳ್ಳಿ ಬಣ್ಣದ ತೊಟ್ಟಿಗಳು, ದ್ರವ ಹೀಲಿಯಮ್ಮಿನ ಕೊಳವೆಗಳಿಂದ ಎದ್ದು ಚದುರುವ ಬಿಳಿ ಹಬೆ, ಪಂಪುಗಳ ಒಂದೇ ಸಮನೆ ಟಿಕ್ ಟಿಕ್. ನಮ್ಮನ್ನು ಮಾಡಿರುವ ದ್ರವ್ಯಕ್ಕೆ ಕನ್ನಡಿಯ ಪ್ರತಿಬಿಂಬದಂಥದ್ದು ಪ್ರತಿದ್ರವ್ಯ. ಎರಡೂ ಮುಟ್ಟಿಕೊಂಡರೆ ಎರಡೂ ಇಲ್ಲ, ಉಳಿಯುವುದು ಶಕ್ತಿ ಮಾತ್ರ. ಆದ್ದರಿಂದ ಅದನ್ನು ಪಾತ್ರೆಯಲ್ಲಿ ಇಡುವಂತಿಲ್ಲ, ನಿರ್ವಾತದಲ್ಲಿ, ಕಾಂತಕ್ಷೇತ್ರದ ಕಾಣದ ಬೊಗಸೆಯಲ್ಲಿ ತೇಲಿಸಿ ಇಡಬೇಕು.

ಇಲ್ಲಿಯ ಆಲ್ಫಾ ತಂಡದವರು ಕೇಳಿದ್ದು ಒಂದು ಮಗುವಿನ ಪ್ರಶ್ನೆ: ಪ್ರತಿದ್ರವ್ಯವನ್ನು ಕೈಬಿಟ್ಟರೆ ಕೆಳಗೆ ಬೀಳುತ್ತದೆಯೋ, ಮೇಲೆ ಹಾರುತ್ತದೆಯೋ? ನಗಬೇಡಿ, ಅಲ್ಲಿಯವರೆಗೆ ಯಾರೂ ಬಿಟ್ಟು ನೋಡಿರಲಿಲ್ಲ. ಪ್ರತಿಹೈಡ್ರೋಜನ್ ಪರಮಾಣುಗಳನ್ನು ನೆಟ್ಟಗೆ ನಿಂತ ಕೊಳವೆಯಲ್ಲಿ ಹಿಡಿದಿಟ್ಟು, ಮೇಲಿನ ಮತ್ತು ಕೆಳಗಿನ ಕಾಂತದ ಬಿರಡೆಗಳನ್ನು ಮೆಲ್ಲನೆ ಸಡಿಲಿಸಿದರು. ಸುಮಾರು ನೂರಕ್ಕೆ ಎಂಬತ್ತು ಕೆಳಗಿನಿಂದ ಹೊರಬಿದ್ದವು. 2023ರ ಸೆಪ್ಟೆಂಬರಿನಲ್ಲಿ ಫಲಿತಾಂಶ ಪ್ರಕಟವಾಯಿತು: ಬೀಳುತ್ತದೆ, ನಮ್ಮ ಹಾಗೆಯೇ.

"ಅದರ ಮುಂದಿನ ವರ್ಷ ಇಲ್ಲಿನ ಇನ್ನೊಂದು ತಂಡ ಎಪ್ಪತ್ತು ಪ್ರೋಟಾನ್ ಹಿಡಿದು ಲಾರಿಯಲ್ಲಿ ಹೇರಿ ಈ ಆವರಣ ಎಲ್ಲ ಸುತ್ತಾಡಿಸ್ತು," ಎಂದು ಅವಳು ನಗುತ್ತಾಳೆ. ಒಂದು ದಿನ ಪ್ರತಿಪ್ರೋಟಾನ್‌ಗಳನ್ನು ಬೇರೆ ಊರಿನ ಪ್ರಯೋಗಾಲಯಕ್ಕೆ ಸಾಗಿಸಬೇಕಲ್ಲ, ಅದಕ್ಕೆ ತಾಲೀಮು. ಒಂದು ಲಾರಿ, ಎಪ್ಪತ್ತು ಕಣ! ಇದಕ್ಕಿಂತ ಹಗುರ ಸರಕು ಹೇರಿದ ಲಾರಿ ಇನ್ನೊಂದು ಇರಲಾರದು.

ಗಡಿ ದಾಟುತ್ತೇವೆ. ಸ್ವಿಟ್ಜರ್ಲೆಂಡ್ ಮುಗಿದು ಫ್ರಾನ್ಸ್ ಶುರುವಾದದ್ದು ಗೊತ್ತಾಗುವುದು ರಸ್ತೆಯ ಫಲಕ ಬದಲಾದದ್ದರಿಂದ ಮಾತ್ರ. ಇಕ್ಕೆಲದಲ್ಲೂ ಉತ್ತ ಕಪ್ಪು ಮಣ್ಣು, ಅದರ ಮೇಲೆ ಕಾಗೆಗಳ ಸಭೆ. ಸ್ಯಾಂ ಜೆನಿ ಎಂಬ ಊರಿನ ಅಂಚಿನಲ್ಲಿ ಬೇಲಿ ಹಾಕಿದ ಒಂದಿಷ್ಟು ಶೆಡ್ಡುಗಳು. ಎಲಿಸ್ ಪ್ರಯೋಗದ ಜಾಗ ಇದೇ. ಐವತ್ತಾರು ಮೀಟರ್ ಕೆಳಗೆ ಹತ್ತು ಸಾವಿರ ಟನ್ ತೂಕದ ಯಂತ್ರ, ಕೆಂಪು ಬಣ್ಣದ ಕಬ್ಬಿಣದ ಬಾಗಿಲುಗಳದ್ದು. ಗೋಡೆಯ ಮೇಲಿನ ಚಿತ್ರದಲ್ಲಿ ಅದು ಯಾವುದೋ ಕೋಟೆಯ ಹೆಬ್ಬಾಗಿಲಿನಂತೆ ಕಾಣುತ್ತದೆ.

ಸೀಸಕ್ಕೆ ಸೀಸ ಡಿಕ್ಕಿ ಹೊಡೆಸುವುದು ಇದರ ಮುಖ್ಯ ಕೆಲಸ. ಎದುರಾಬದುರು ಬಡಿದಾಗ ಒಂದು ಕ್ಷಣದ ತೀರಾ ಸಣ್ಣ ಚೂರಿನಷ್ಟು ಹೊತ್ತು ಪ್ರೋಟಾನ್, ನ್ಯೂಟ್ರಾನ್‌ಗಳೇ ಕರಗಿ ಕ್ವಾರ್ಕ್ ಮತ್ತು ಗ್ಲೂಆನ್‌ಗಳ ಗಂಜಿಯಾಗುತ್ತದೆ. ಬ್ರಹ್ಮಾಂಡ ಹುಟ್ಟಿದ ಮೊದಲ ಕೆಲವು ಮೈಕ್ರೋಸೆಕೆಂಡು ಎಲ್ಲವೂ ಹೀಗೆಯೇ ಇತ್ತು ಎನ್ನುತ್ತಾರೆ. ಆದರೆ ನನ್ನನ್ನು ಕಟ್ಟಿಹಾಕುವುದು ಡಿಕ್ಕಿಯ ಕತೆಯಲ್ಲ, ತಪ್ಪಿದ ಡಿಕ್ಕಿಯ ಕತೆ.

ಎರಡು ಸೀಸದ ನ್ಯೂಕ್ಲಿಯಸ್‌ಗಳು ಒಂದನ್ನೊಂದು ಮುಟ್ಟದೆ, ಮೈ ಸವರುವಷ್ಟು ಹತ್ತಿರ ಹಾದುಹೋಗುತ್ತವೆ ಅಂದುಕೊಳ್ಳಿ. ಕಿರಿದಾದ ಘಾಟಿಯಲ್ಲಿ ಎದುರಿನ ಬಸ್ಸು ಭರ್ರೆಂದು ಹೋದಾಗ ನಮ್ಮ ಬಸ್ಸು ಒಮ್ಮೆ ಅಲ್ಲಾಡುತ್ತದಲ್ಲ, ಹಾಗೆ. ಆ ವೇಗದಲ್ಲಿ ನ್ಯೂಕ್ಲಿಯಸ್ಸಿನ ವಿದ್ಯುತ್ ಕ್ಷೇತ್ರ ತಟ್ಟೆಯ ಹಾಗೆ ಚಪ್ಪಟೆಯಾಗಿ, ಎದುರಿನದಕ್ಕೆ ಬೆಳಕಿನ ಒಂದು ಏಟು ಕೊಡುತ್ತದೆ. ಏಟು ತಿಂದದ್ದು ನಡುಗಿ, ಒಂದೆರಡು ನ್ಯೂಟ್ರಾನನ್ನೋ ಪ್ರೋಟಾನನ್ನೋ ಉದುರಿಸುತ್ತದೆ. ಸೀಸದಲ್ಲಿ ಎಂಬತ್ತೆರಡು ಪ್ರೋಟಾನ್. ಒಂದು ಉದುರಿದರೆ ಅದು ಥ್ಯಾಲಿಯಂ, ಎರಡು ಉದುರಿದರೆ ಪಾದರಸ. ಮೂರು ಉದುರಿದರೆ?

"ಎಪ್ಪತ್ತೊಂಬತ್ತು," ಎಂದು ಲೆಕ್ಕ ಹಾಕಿ ಅವಳ ಮುಖ ನೋಡುತ್ತೇನೆ.

"ಹ್ಞೂಂ. ನಿಮ್ಮೂರಿನದ್ದು!"

ಚಿನ್ನ. ರಸವಿದ್ಯೆಯ ಪಂಡಿತರು ಶತಮಾನಗಟ್ಟಲೆ ಕುಲುಮೆ ಊದಿ ಕಂಡ ಕನಸು ಇಲ್ಲಿ ಯಾರೂ ಬಯಸದೆಯೇ ನಡೆದುಹೋಗುತ್ತಿದೆ. 2025ರ ಮೇ ತಿಂಗಳಲ್ಲಿ ಎಲಿಸ್ ತಂಡ ಅದರ ಲೆಕ್ಕ ಒಪ್ಪಿಸಿತು. 2015ರಿಂದ 2018ರ ನಡುವಿನ ಓಟದಲ್ಲಿ ನಾಲ್ಕೂ ಪ್ರಯೋಗಗಳ ಜಾಗ ಸೇರಿ ಹುಟ್ಟಿದ ಚಿನ್ನದ ನ್ಯೂಕ್ಲಿಯಸ್‌ಗಳು 8,600 ಕೋಟಿ. ತೂಕ? ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತೊಂಬತ್ತು ಪಾಲು. ಗುಲಗಂಜಿಯ ಮೇಲೆ ಕೂತ ಧೂಳಿಗೂ ಅದು ಸಮನಲ್ಲ. ಅದೂ ಉಳಿಯುವುದಿಲ್ಲ, ಹುಟ್ಟಿದ ಕ್ಷಣವೇ ದಾರಿ ತಪ್ಪಿ, ಕೊಳವೆಯ ಗೋಡೆಗೆ ಬಡಿದು, ಪುಡಿಯಾಗುತ್ತದೆ. ಹಾಗಿದ್ದರೆ ಎಣಿಸಿದ್ದು ಹೇಗೆ? ಡಿಕ್ಕಿಯ ಜಾಗದಿಂದ ನೂರು ಮೀಟರಿಗೂ ಆಚೆ, ಎರಡು ಬದಿಯಲ್ಲೂ, ಉದುರಿದ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳನ್ನು ಲೆಕ್ಕ ಹಾಕುವ ಉಪಕರಣಗಳಿವೆ. ಕಳೆದದ್ದು ಮೂರು ಪ್ರೋಟಾನ್ ಅಂತ ತಿಳಿದರೆ ಉಳಿದದ್ದು ಚಿನ್ನ ಅಂತ ಗೊತ್ತಾಯಿತಲ್ಲ. ಇಲ್ಲಿಯೂ ಚಿನ್ನ ಕಂಡವರಿಲ್ಲ. ದೊಡ್ಡಪ್ಪನ ನಗು ಕೇಳಿಸಿದಂತಾಗುತ್ತದೆ.

ದಾರಿ ಏರುತ್ತದೆ. ಎಡಕ್ಕೆ ಜೂರಾ ಬೆಟ್ಟಸಾಲು. ಮಂಜು ಹರಿದಲ್ಲಿ ಅದರ ನೆತ್ತಿಯ ಮೇಲೆ ಹೊಸ ಹಿಮ, ಕೆಳಗೆ ತುಕ್ಕಿನ ಬಣ್ಣದ ಕಾಡು. ಹಳ್ಳಿಗಳು ಚಿಕ್ಕವು. ಚರ್ಚಿನ ಗಂಟೆ, ಒಲೆಯ ಹೊಗೆ, ಕೊಟ್ಟಿಗೆಯಿಂದ ಬರುವ ಹುಲ್ಲು-ಸಗಣಿಯ ಪರಿಚಿತ ವಾಸನೆ. ಹಸುಗಳು ಬೆಟ್ಟದಿಂದ ಇಳಿದು ಚಳಿಗಾಲಕ್ಕೆ ಒಳಗೆ ಸೇರಿವೆ. ಇಲ್ಲಿಯ ನೀಲಿಗೆರೆಯ ಚೀಸ್ ಹೆಸರುವಾಸಿ. ರಸ್ತೆಬದಿಯ ಅಂಗಡಿಯಲ್ಲಿ ಒಂದು ತುಂಡು ಬ್ರೆಡ್ಡಿನ ಜತೆ ತಿನ್ನುತ್ತೇವೆ. ನನ್ನ ನಾಲಿಗೆಗೆ ಒಗ್ಗಲು ಮೂರು ತುತ್ತು ಬೇಕಾಯಿತು, ಆಮೇಲೆ ನಿಲ್ಲಿಸಲಾಗಲಿಲ್ಲ.

ಈ ಭಾಗದಲ್ಲಿ ಸುರಂಗ ಅತಿ ಆಳಕ್ಕಿದೆ. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಅವಳು ಕೆಳಗಿನದನ್ನು ವರ್ಣಿಸುತ್ತಾಳೆ. ನೀಲಿ ಬಣ್ಣದ ಉರುಟು ಕೊಳವೆಗಳು ಒಂದಕ್ಕೊಂದು ಪೋಣಿಸಿಕೊಂಡು ಕಣ್ಣು ಹಾಯುವವರೆಗೆ. ದಾರಿ ಬಗ್ಗಿಸುವ ದೊಡ್ಡ ಆಯಸ್ಕಾಂತಗಳೇ 1,232; ಒಂದೊಂದೂ ಹದಿನೈದು ಮೀಟರ್ ಉದ್ದ, ಮೂವತ್ತೈದು ಟನ್ ತೂಕ. ಒಳಗಿನ ಚಳಿ ಮೈನಸ್ 271 ಡಿಗ್ರಿ, ನಕ್ಷತ್ರಗಳ ನಡುವಿನ ಬಯಲಿಗಿಂತಲೂ ಹೆಚ್ಚಿನ ಚಳಿ. ಆಯಸ್ಕಾಂತಗಳನ್ನು ಕೂದಲೆಳೆಯಷ್ಟು ನಿಖರವಾಗಿ ಕೂರಿಸಲು ಅಡಿಗೆ ಕೊಟ್ಟ ಸಾವಿರಾರು ಜ್ಯಾಕ್‌ಗಳು ಭಾರತದಿಂದ ಬಂದವು. ಕಣಗಳು ಸೆಕೆಂಡಿಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಸುತ್ತು ಹಾಕುತ್ತವೆ. ನಾವಿಬ್ಬರು ಬೆಳಗಿನಿಂದ ಮುಗಿಸಿದ್ದು ಕಾಲು ಸುತ್ತು.

"ಚಂದ್ರ ಕೂಡ ಇದನ್ನ ಎಳೀತಾನೆ ಸರ್."

ನಾನು ತಮಾಷೆ ಅಂದುಕೊಳ್ಳುತ್ತೇನೆ. ತಮಾಷೆಯಲ್ಲ. ಇದೇ ಸುರಂಗದಲ್ಲಿ 1989ರಿಂದ 2000ದವರೆಗೆ ಲೆಪ್ ಎಂಬ ಹಳೆಯ ಯಂತ್ರವಿತ್ತು. ಅದರ ಕಣಗಳ ಶಕ್ತಿ ದಿನವಿಡೀ ಅಷ್ಟಿಷ್ಟು ಏರಿಳಿಯುತ್ತಿತ್ತು. ಕಾರಣ ಹುಡುಕಿದರೆ ಸಿಕ್ಕವನು ಚಂದ್ರ. ಸಮುದ್ರವನ್ನು ಉಬ್ಬಿಸುವಂತೆ ಅವನು ನೆಲವನ್ನೂ ಉಬ್ಬಿಸುತ್ತಾನೆ, ಇಪ್ಪತ್ತೇಳು ಕಿಲೋಮೀಟರ್ ಸುರಂಗ ಒಂದು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ. ಇನ್ನೊಂದು ಬಗೆಯ ಏರುಪೇರು ಹಗಲಲ್ಲಿ ಇರುತ್ತಿತ್ತು, ನಡುರಾತ್ರಿ ಇರುತ್ತಿರಲಿಲ್ಲ. ಅದರ ಕಳ್ಳ ಪ್ಯಾರಿಸಿಗೆ ಹೋಗುವ ವೇಗದ ರೈಲು. ಅದರ ಹಳಿಯಿಂದ ನೆಲಕ್ಕೆ ಸೋರುವ ವಿದ್ಯುತ್ತು ಇಲ್ಲಿಯವರೆಗೂ ಬಂದು ತಲುಪುತ್ತಿತ್ತು. ಚಂದ್ರನೂ ರೈಲೂ ಒಂದೇ ನೋಟ್‌ಪುಸ್ತಕದಲ್ಲಿ ದಾಖಲಾಗುವ ಊರಿದು.

ಮಧ್ಯಾಹ್ನ ಎರಡಕ್ಕೆ ಸೆಸ್ಸಿ ತಲುಪುತ್ತೇವೆ, ಉಂಗುರದ ಉತ್ತರ ತುದಿ. ಸಿಎಂಎಸ್ ಪ್ರಯೋಗ ಇಲ್ಲಿನದ್ದು, ನನ್ನ ಜತೆಗಾತಿಯ ಕಾರ್ಯಕ್ಷೇತ್ರವೂ ಇದೇ. ವಿಮಾನದ ಹ್ಯಾಂಗರಿನಂಥ ಶೆಡ್ಡು. ಹೊಕ್ಕ ಕೂಡಲೇ ಗೋಡೆ ತುಂಬ ಯಂತ್ರದ ನಿಜಗಾತ್ರದ ಚಿತ್ರ: ಹದಿನೈದು ಮೀಟರ್ ಎತ್ತರದ, ಕೆಂಪು, ಹಳದಿ, ಬೆಳ್ಳಿ ಬಣ್ಣದ ದಳಗಳ ಚಕ್ರ. ಡೇರೆ ಹೂವಿನ ಹಾಗೆ. ತೂಕ ಹದಿನಾಲ್ಕು ಸಾವಿರ ಟನ್. ಅದರ ಮುಂದೆ ನೆಲದಲ್ಲಿ ದೊಡ್ಡ ಬಾವಿಯ ಬಾಯಿ, ಮೇಲೆ ಭಾರಿ ಕಾಂಕ್ರೀಟ್ ಮುಚ್ಚಳ. ಮುಚ್ಚಳದ ಕೆಳಗೆ ನೂರು ಮೀಟರ್.

ಶ್ಯಾಫ್ಟ್ ಕಂಡರೆ ಕೋಲಾರದವನ ಕಾಲು ತಾನಾಗಿ ನಿಲ್ಲುತ್ತದೆ. ಇದನ್ನು ತೋಡಿದ ಕತೆಯೇ ಒಂದು ಪುರಾಣ. 1998ರಲ್ಲಿ ಗುದ್ದಲಿ ಇಡುವ ಮುಂಚೆಯೇ ಮಣ್ಣಿನಲ್ಲಿ ಗೋಡೆಯ ಪಂಕ್ತಿ ಕಾಣಿಸಿಕೊಂಡಿತು. ನಾಲ್ಕನೇ ಶತಮಾನದ ರೋಮನ್ ಕಾಲದ ತೋಟದ ಮನೆ. ಹಂಚು, ಮಡಕೆ, ನಾಣ್ಯ. ನಾಣ್ಯಗಳು ಅಚ್ಚಾದದ್ದು ಓಸ್ಟಿಯಾದಲ್ಲಿ, ಲಿಯೋನಿನಲ್ಲಿ, ಲಂಡನ್ನಿನಲ್ಲಿ. ಈಗಿನಂತೆ ಆಗಲೂ ಈ ಜಾಗಕ್ಕೆ ಊರೂರಿನವರು ಬರುತ್ತಿದ್ದರೇನೋ! ಆಮೇಲೆ ಅಗೆದರೆ ನೀರಿನ ಸೆಲೆ. ಎಂಜಿನಿಯರುಗಳು ನೀರನ್ನು ಹೊರಹಾಕುವ ಬದಲು ಹೆಪ್ಪುಗಟ್ಟಿಸಿದರು. ಸುತ್ತ ಕೊಳವೆ ಇಳಿಸಿ ಕೊರೆಯುವ ಉಪ್ಪುನೀರು, ಆಮೇಲೆ ದ್ರವ ನೈಟ್ರೋಜನ್ ಹರಿಸಿ, ಮಂಜುಗಡ್ಡೆಯ ಗೋಡೆ ಕಟ್ಟಿ, ಅದರ ನಡುವೆ ಒಣ ಬಾವಿ ತೋಡಿದರು. ಯಂತ್ರವನ್ನು ಮೇಲೆಯೇ ಜೋಡಿಸಿ ಹದಿನೈದು ತುಂಡುಗಳಾಗಿ ಇಳಿಸಿದರು. ಅತಿ ಭಾರದ ತುಂಡು ಸುಮಾರು ಎರಡು ಸಾವಿರ ಟನ್. 2007ರ ಫೆಬ್ರವರಿಯಲ್ಲಿ ಅದು ಗೋಡೆಗೆ ಗೇಣಷ್ಟೇ ಜಾಗ ಬಿಟ್ಟುಕೊಂಡು ಇಡೀ ದಿನ ಇಳಿಯಿತು.

ಈ ಹೂವಿನ ದಳಗಳೊಳಗೆ ಎಲ್ಲೆಲ್ಲಿಯದೋ ಲೋಹವಿದೆ. ಒಂದು ಭಾಗದ ಹಿತ್ತಾಳೆ ರಷ್ಯಾದ ನೌಕಾಪಡೆಯ ಹಳೆಯ ತೋಪಿನ ಗುಂಡುಗಳ ಕವಚ ಕರಗಿಸಿ ಮಾಡಿದ್ದು. ಯುದ್ಧದಲ್ಲಿ ಸಿಡಿಯಬೇಕಿದ್ದದ್ದು ಈಗ ಕಣಗಳ ಶಕ್ತಿ ಅಳೆಯುತ್ತದೆ. ಇನ್ನೊಂದು ಪದರದಲ್ಲಿರುವ ಸಾವಿರದಷ್ಟು ಸಿಲಿಕಾನ್ ಬಿಲ್ಲೆಗಳು ಭಾಭಾ ಅಣುಶಕ್ತಿ ಕೇಂದ್ರದ ಮೇಲ್ವಿಚಾರಣೆಯಲ್ಲಿ ತಯಾರಾದದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ. ಜಾಲಹಳ್ಳಿಯ ಬಿಇಎಲ್! ಅದರ ಬಸ್‌ಸ್ಟಾಪಿನಲ್ಲಿ ನಾನು ಎಷ್ಟು ಸಲ ಬಸ್ಸಿಗೆ ಕಾದಿಲ್ಲ?

"ನಿನ್ನ ಕೆಲಸ ಏನಮ್ಮ ಇಲ್ಲಿ?"

"ಬಿಸಾಡೋದು ಸರ್."

ಅರ್ಥವಾಗದೆ ನಿಲ್ಲುತ್ತೇನೆ. ಅವಳು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ವಿವರಿಸುತ್ತಾಳೆ. ಪ್ರೋಟಾನ್ ಓಡುವ ತಿಂಗಳುಗಳಲ್ಲಿ ಅವುಗಳ ಹಿಂಡುಗಳು ಇಲ್ಲಿ ಸೆಕೆಂಡಿಗೆ ನಾಲ್ಕು ಕೋಟಿ ಸಲ ಎದುರಾಗುತ್ತವೆ, ಪ್ರತಿ ಸಲವೂ ಹತ್ತಾರು ಡಿಕ್ಕಿ. ಅದನ್ನೆಲ್ಲ ಬರೆದಿಡಲು ಜಗತ್ತಿನಲ್ಲಿ ಡಿಸ್ಕ್ ಸಾಲದು. ಬಹುಪಾಲು ಡಿಕ್ಕಿ ಹಳೆಯ ಕತೆಯೇ. ಹಿಗ್ಸ್‌ನಂಥ ಕಣ ಹುಟ್ಟುವುದು ಸುಮಾರು ನೂರು ಕೋಟಿ ಡಿಕ್ಕಿಗೊಂದು. ಆದ್ದರಿಂದ ಟ್ರಿಗರ್ ಎಂಬ ಜರಡಿ. ಮೊದಲ ಜರಡಿ ಸೆಕೆಂಡಿನ ಲಕ್ಷಾಂತರ ಪಾಲಿನಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ನಿರ್ಧರಿಸಿ ನಾಲ್ಕು ಕೋಟಿಯನ್ನು ಒಂದು ಲಕ್ಷಕ್ಕೆ ಇಳಿಸುತ್ತದೆ. ಎರಡನೆಯದು ಅದನ್ನು ಕೆಲವು ಸಾವಿರಕ್ಕೆ. ಉಳಿದದ್ದು ಶಾಶ್ವತವಾಗಿ ಹೋಯಿತು.

"ಭಯ ಆಗಲ್ವೇನಮ್ಮ, ಬಿಸಾಡಿದ್ದರಲ್ಲೇ ಒಳ್ಳೇದು ಇದ್ದರೆ?"

"ರಾತ್ರಿ ಕನಸು ಬೀಳೋದೇ ಅದು ಮಾರಾಯ್ರೇ."

ನನ್ನ ಕಣ್ಣಮುಂದೆ ಅಮ್ಮ ಅಕ್ಕಿ ಜಾಲಿಸುತ್ತಾಳೆ. ನೀರಿನಲ್ಲಿ ಪಾತ್ರೆಯನ್ನು ಓಲಾಡಿಸಿ ಓಲಾಡಿಸಿ ಅಕ್ಕಿಯನ್ನು ಆಚೆಗೆ ಬಗ್ಗಿಸುತ್ತ, ತಳದಲ್ಲಿ ಕಲ್ಲು ಉಳಿಸುವ ಆ ಮಣಿಕಟ್ಟಿನ ಲಯ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ಹೀಗೆಯೇ ತೊಳೆದು ಚಿನ್ನದ ಕಣ ಹಿಡಿಯುತ್ತಿದ್ದವರನ್ನು ಜಾಲಗಾರರು ಎನ್ನುತ್ತಿದ್ದರು. ಕೋಲಾರದ ಗಣಿಯ ಕೊನೆಗಾಲದಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಮೂರ್ನಾಲ್ಕು ಗ್ರಾಂ. ಶಿರಸಿಯ ಈ ಹುಡುಗಿ ಅದೇ ಕಸುಬಿನವಳು. ಇವಳ ಅದಿರು ಮಾತ್ರ ಇನ್ನೂ ಬಡವಾದದ್ದು.

ಜಾಲಿಸಿ ಉಳಿದದ್ದನ್ನು ತೂಗುವುದು ಇನ್ನೊಂದು ತಪಸ್ಸು. ಡಬ್ಲ್ಯೂ ಬೋಸಾನ್ ಎಂಬ ಕಣದ ತೂಕದ ವಿಷಯ ಕೇಳಿ. 2022ರಲ್ಲಿ ಅಮೆರಿಕದ ಫರ್ಮಿಲ್ಯಾಬಿನ ಸಿಡಿಎಫ್ ತಂಡ ತನ್ನ ಹಳೆಯ ದತ್ತಾಂಶ ತೂಗಿ, ಸಿದ್ಧಾಂತ ಹೇಳುವುದಕ್ಕಿಂತ ಇದು ಭಾರವಾಗಿದೆ ಎಂದಿತು. ಲೋಕವೆಲ್ಲ ಕಿವಿ ನಿಮಿರಿಸಿತು: ನಮಗೆ ತಿಳಿಯದ ಹೊಸ ಕಣವೇನಾದರೂ ತಕ್ಕಡಿಯ ಮೇಲೆ ಕೈಯಿಟ್ಟಿದೆಯೋ? 2024ರ ಸೆಪ್ಟೆಂಬರಿನಲ್ಲಿ ಸಿಎಂಎಸ್ ತನ್ನ ತೂಕ ಹೇಳಿತು: 80,360 ಮೆಗಾ ಎಲೆಕ್ಟ್ರಾನ್ ವೋಲ್ಟ್, ಹೆಚ್ಚುಕಡಿಮೆ ಹತ್ತು ಅತ್ತ ಇತ್ತ. ಸಿದ್ಧಾಂತ ಹೇಳಿದಷ್ಟೇ. ಎರಡು ತಕ್ಕಡಿಗಳು ಏಕೆ ಒಪ್ಪುತ್ತಿಲ್ಲ ಎಂಬ ಜಗಳ ಇನ್ನೂ ಮುಗಿದಿಲ್ಲ. ಸಪ್ಪೆ ಫಲಿತಾಂಶ ಅನ್ನಿಸಿತಾ ಎಂದು ಕೇಳಿದರೆ ಅವಳು ತಲೆಯಾಡಿಸುತ್ತಾಳೆ. "ಸರಿಯಾದ ತೂಕ ಸಪ್ಪೆ ಆಗತ್ತಾ ಸರ್?"

ಇಳಿಜಾರು ಈಗ. ಬ್ಯಾಟರಿ ಆರಿಸಿ ಸೈಕಲನ್ನು ತನ್ನಷ್ಟಕ್ಕೆ ಬಿಡುತ್ತೇವೆ. ಗಾಳಿ ಕಿವಿಯಲ್ಲಿ ಸಿಳ್ಳೆ ಹಾಕುತ್ತದೆ. ಮಂಜು ಒಮ್ಮೆಲೇ ಬಿರಿದು, ದೂರದಲ್ಲಿ ಆಲ್ಪ್ಸ್ ಸಾಲು, ನಡುವೆ ಮೋಂ ಬ್ಲಾಂ, ಸಂಜೆಬಿಸಿಲಿಗೆ ದಾಸವಾಳದ ಬಣ್ಣ ಹತ್ತಿಕೊಂಡು ನಿಂತಿದೆ. ಇಬ್ಬರೂ ಮಾತಿಲ್ಲದೆ ಬ್ರೇಕ್ ಹಿಡಿಯುತ್ತೇವೆ. ಎರಡು ನಿಮಿಷ. ಮತ್ತೆ ತೆರೆ ಬಿತ್ತು.

ಫರ್ನೆ ಊರು ಸೇರುವಾಗ ಶನಿವಾರದ ಸಂತೆ ಎದ್ದುಹೋಗಿದೆ. ಕಲ್ಲುಹಾಸಿನ ಬೀದಿಯಲ್ಲಿ ಎಲೆಕೋಸಿನ ಎಲೆ, ಮೀನಿನ ವಾಸನೆ, ನೀರು ಹೊಡೆದು ತೊಳೆಯುತ್ತಿರುವ ಪೌರಕಾರ್ಮಿಕ. ಚೌಕದಲ್ಲಿ ಕೋಲೂರಿ ನಿಂತ ಮುದುಕನ ಪ್ರತಿಮೆ. ವೋಲ್ತೇರ್. ಅರಸರಿಗೂ ಪಾದ್ರಿಗಳಿಗೂ ಬೇಡವಾಗಿದ್ದ ಮನುಷ್ಯ ಬಾಳಿನ ಕೊನೆಯ ಇಪ್ಪತ್ತು ವರ್ಷ ಈ ಗಡಿಯೂರಿನಲ್ಲಿ ಕಳೆದ, ಗಡಿಯಾರ ಮಾಡುವವರನ್ನು ಕರೆಸಿ ಊರು ಕಟ್ಟಿದ. ಊರು ಇವತ್ತಿಗೂ ಅವನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡಿದೆ. ನ್ಯೂಟನ್ನನ ಸೇಬಿನ ಕತೆಯನ್ನು ಯುರೋಪಿನ ಮನೆಮನೆಗೆ ತಲುಪಿಸಿದವರಲ್ಲಿ ಇವನು ಮುಖ್ಯ. ಬೆಳಿಗ್ಗೆ ನೋಡಿದ ಪ್ರತಿದ್ರವ್ಯವೂ ಸೇಬಿನ ಹಾಗೆಯೇ ಬಿತ್ತು ಎಂದು ಅವನಿಗೆ ಹೇಳುವಂತಿದ್ದರೆ!

ಈ ಊರಿನಡಿ ಎಲ್‌ಎಚ್‌ಸಿಬಿ ಎಂಬ ಪ್ರಯೋಗವಿದೆ. ಅದರ ಪ್ರಶ್ನೆ ದೊಡ್ಡದು. ಬ್ರಹ್ಮಾಂಡ ಹುಟ್ಟಿದಾಗ ದ್ರವ್ಯವೂ ಪ್ರತಿದ್ರವ್ಯವೂ ಸಮಸಮ ಹುಟ್ಟಿದ್ದರೆ ಎರಡೂ ಒಂದನ್ನೊಂದು ನುಂಗಿ ಏನೂ ಉಳಿಯಬಾರದಿತ್ತು. ಉಳಿದಿದೆ: ಫರ್ನೆ, ಶಿರಸಿ, ನಾನು, ನೀವು. ಎಲ್ಲೋ ಒಂದು ಕಡೆ ಪ್ರಕೃತಿ ಪಕ್ಷಪಾತ ಮಾಡಿರಬೇಕು. ಮೆಸಾನ್ ಎಂಬ ಜಾತಿಯ ಕಣಗಳಲ್ಲಿ ಆ ಪಕ್ಷಪಾತವನ್ನು 1964ರಲ್ಲೇ ಹಿಡಿದಿದ್ದರು. ಆದರೆ ನಮ್ಮ ಮೈಯಲ್ಲಿರುವ ಪ್ರೋಟಾನ್, ನ್ಯೂಟ್ರಾನ್‌ಗಳ ಬಳಗವಾದ ಬ್ಯಾರಿಯಾನ್‌ಗಳಲ್ಲಿ ಸಿಕ್ಕಿರಲಿಲ್ಲ. 2025ರ ಮಾರ್ಚಿನಲ್ಲಿ ಸಿಕ್ಕಿತು. ಪ್ರೋಟಾನಿನ ಭಾರದ ದಾಯಾದಿಯಂಥ ಲ್ಯಾಮ್ಡಾ-ಬಿ ಕಣ ಒಡೆಯುವುದನ್ನೂ ಅದರ ಪ್ರತಿಕಣ ಒಡೆಯುವುದನ್ನೂ ಸುಮಾರು ಎಂಬತ್ತು ಸಾವಿರ ಸಲ ಎಣಿಸಿ ಹೋಲಿಸಿದರು. ಎರಡರ ನಡುವೆ ಶೇಕಡಾ 2.45ರ ವ್ಯತ್ಯಾಸ. ಬರೀ ಆಕಸ್ಮಿಕವಾಗಿ ಬಂದದ್ದಾಗಿರುವ ಸಾಧ್ಯತೆ ಲಕ್ಷಾಂತರಕ್ಕೆ ಒಂದು. ಇಷ್ಟರಿಂದಲೇ ಇಡೀ ಬ್ರಹ್ಮಾಂಡದ ಲೆಕ್ಕ ಸರಿಹೋಗುವುದಿಲ್ಲ, ಇನ್ನೂ ದೊಡ್ಡ ಪಕ್ಷಪಾತ ಬೇರೆಲ್ಲೋ ಅಡಗಿರಬೇಕು. ಜಾಲಿಸುವ ಕೆಲಸ ಮುಗಿದಿಲ್ಲ.

ಕತ್ತಲಾಗುತ್ತಿದೆ. ಟ್ರಾಮ್ ನಿಲ್ದಾಣಕ್ಕೆ ಮರಳುವಾಗ ಮರದ ಗೋಳಕ್ಕೆ ದೀಪ ಹಚ್ಚಿದ್ದಾರೆ. ನಮ್ಮ ಪ್ರದಕ್ಷಿಣೆ ಪೂರ್ತಿಯಾಗಿದೆ.

"ಇಷ್ಟು ವರ್ಷ ಕೆಲಸ ಮಾಡಿದೀಯಲ್ಲ, ಹಿಗ್ಸ್ ನೋಡಿದೀಯಾ?"

"ಯಾರು ನೋಡಿದಾರೆ ಸರ್! ಅದು ಹೋದ ಮೇಲೆ ಬಿಟ್ಟ ಗುರುತು ಅಷ್ಟೇ ಸಿಗೋದು."

ಅವಳು ನಗುವ ರೀತಿ ನನಗೆ ಗೊತ್ತಿರುವ ರೀತಿ. ಚೆಸ್ಟ್‌ನಟ್ಟಿನ ಪೊಟ್ಟಣದಲ್ಲಿ ಉಳಿದ ನಾಲ್ಕು ಬೀಜ ಅವಳ ಕೈಗಿಟ್ಟು, ಟ್ರಾಮಿನಲ್ಲಿ ಕಿಟಕಿ ಪಕ್ಕ ಕೂರುತ್ತೇನೆ. ಹೇಳಬೇಕಾದದ್ದು ಆಗ ನೆನಪಾಗುತ್ತದೆ. 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಅವರ ಶಿಷ್ಯ, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಕಣ ಎಣಿಸುವ ಉಪಕರಣ ಹಿಡಿದು ಕೋಲಾರದ ಗಣಿಗೆ ಇಳಿದಿದ್ದರು. ಆಕಾಶದಿಂದ ಸುರಿಯುವ ಕಣಗಳಲ್ಲಿ ಎಷ್ಟು ಆಳಕ್ಕೆ ಎಷ್ಟು ತಲುಪುತ್ತವೆ ಎಂದು ನೋಡುವುದಕ್ಕೆ. ಮುಂದೆ 1965ರಲ್ಲಿ, ಚಾಂಪಿಯನ್ ರೀಫಿನಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣಗಳ ಗುರುತು ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಇನ್ನೊಂದು ತಂಡಕ್ಕೂ ಸಿಕ್ಕಿತು, ಅಲ್ಲಿಯೂ ಚಿನ್ನದ ಗಣಿಯಲ್ಲೇ. ಅದಕ್ಕೆ ಮೊದಲು ಜಗತ್ತಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಮೇಲಿನ ಬಂಡೆ ಎಲ್ಲವನ್ನೂ ಜಾಲಿಸಿ, ಹೆಚ್ಚುಕಡಿಮೆ ನ್ಯೂಟ್ರಿನೊ ಒಂದನ್ನೇ ಕೆಳಗೆ ಬಿಟ್ಟಿತ್ತು. ನಮ್ಮ ದೊಡ್ಡಪ್ಪ ಹತ್ತಿ ಇಳಿಯುತ್ತಿದ್ದ ಗಣಿ ಅದು. ತಾನು ಯಾವುದರ ಪಕ್ಕದಲ್ಲಿ ಕಲ್ಲು ಒಡೆಯುತ್ತಿದ್ದೆ ಎಂದು ಅವನಿಗೆ ಗೊತ್ತಿರಲಿಲ್ಲ.

2001ರಲ್ಲಿ ಗಣಿ ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಮೇಲೆ ಸೈನೈಡ್ ದಿಬ್ಬಗಳೂ ತುಕ್ಕು ಹಿಡಿದ ಶ್ಯಾಫ್ಟ್ ಗೋಪುರಗಳೂ ಇವೆ. ಜಿನೀವಾಕ್ಕೆ ವೀಸಾ ಬೇಕು, ದುಡ್ಡು ಬೇಕು. ಆ ಗಣಿಗೆ ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಯ ರೈಲು ಹತ್ತಿ, ಚಾಂಪಿಯನ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದರೆ ಸಾಕು.